ಚಿಕಾಗೋ ವೈಟ್ ಸಾಕ್ಸ್ ತಂಡದ 2024ರ ಸೋಲಿನ ಋತು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಹಳೆಯ ತಂಡಗಳಲ್ಲಿ ಒಂದಾದ ಚಿಕಾಗೋ ವೈಟ್ ಸಾಕ್ಸ್, 2024ರ ಋತುವಿನಲ್ಲಿ 41 ಪಂದ್ಯಗಳನ್ನು ಗೆದ್ದು 121 ಪಂದ್ಯಗಳನ್ನು ಸೋತಿತು. ಆಧುನಿಕ ಯುಗವೆಂದು ಪರಿಗಣಿಸಲಾಗುವ 1901ರಿಂದ ಈಚೆಗೆ ಯಾವ ತಂಡವೂ ಒಂದೇ ಋತುವಿನಲ್ಲಿ ಇಷ್ಟು ಪಂದ್ಯಗಳನ್ನು ಸೋತಿರಲಿಲ್ಲ. ಆ ಋತುವಿನ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಈ ಸೋಲಿಗೆ ಆ ವರ್ಷ ಮೈದಾನಕ್ಕಿಳಿದ ಆಟಗಾರರಿಗಿಂತ ಅದಕ್ಕೂ ಹಿಂದಿನ ಏಳೆಂಟು ವರ್ಷಗಳಲ್ಲಿ ಆಡಳಿತವು ಕೈಗೊಂಡ ತೀರ್ಮಾನಗಳೇ ಹೆಚ್ಚು ಹೊಣೆ ಎಂಬುದು ಈ ಬರಹದ ನಿಲುವು.

ಬೇಸ್‌ಬಾಲ್ ಪರಿಚಯವಿಲ್ಲದವರಿಗೆ 121 ಸೋಲು ಎಂದರೆ ಎಷ್ಟು ದೊಡ್ಡದು?

ಮೇಜರ್ ಲೀಗ್‌ನಲ್ಲಿ 30 ತಂಡಗಳಿದ್ದು, ಪ್ರತಿಯೊಂದು ತಂಡವೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಲೀಗ್ ಪಂದ್ಯಗಳನ್ನು ಆಡುತ್ತದೆ. ವಾರಕ್ಕೆ ಆರು ಪಂದ್ಯಗಳು ಸಾಮಾನ್ಯ. ಇಷ್ಟೊಂದು ಪಂದ್ಯಗಳಿರುವ ಕಾರಣಕ್ಕೆ ಗೆಲುವು–ಸೋಲುಗಳು ಒಂದು ಮಿತಿಯೊಳಗೆ ಹಂಚಿಹೋಗುತ್ತವೆ. ಬಹಳ ಒಳ್ಳೆಯ ತಂಡವೂ ಮೂರರಲ್ಲಿ ಒಂದು ಪಂದ್ಯವನ್ನು ಸೋಲುತ್ತದೆ, ದುರ್ಬಲ ತಂಡವೂ ಮೂರರಲ್ಲಿ ಒಂದನ್ನು ಗೆಲ್ಲುತ್ತದೆ. ಅದೇ 2024ರಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದು ಮುಂದೆ ವಿಶ್ವ ಸರಣಿಯನ್ನೂ (ಋತುವಿನ ಕೊನೆಯ ಚಾಂಪಿಯನ್‌ಷಿಪ್) ಗೆದ್ದ ಲಾಸ್ ಏಂಜಲೀಸ್ ಡಾಜರ್ಸ್ ಕೂಡ 98 ಗೆಲುವಿನ ಜೊತೆಗೆ 64 ಸೋಲುಗಳನ್ನು ಕಂಡಿತ್ತು. ನೂರು ಸೋಲು ಎಂಬುದು ಈ ಆಟದಲ್ಲಿ ನಾಚಿಕೆಯ ಗೆರೆ. ಆ ಗೆರೆ ದಾಟಿದ ತಂಡದಲ್ಲಿ ಯಾರಾದರೊಬ್ಬರ ಕೆಲಸ ಹೋಗುವುದು ವಾಡಿಕೆ. ಹೀಗಿರುವಾಗ ನಾಲ್ಕರಲ್ಲಿ ಮೂರು ಪಂದ್ಯಗಳನ್ನು ಸೋಲುವುದು ಬಹಳ ಅಪರೂಪದ ವೈಫಲ್ಯ.

ಇಲ್ಲಿಂದ ಆ ಪಂದ್ಯಗಳನ್ನು ನೋಡಿದವರಿಗೆ ಇನ್ನೊಂದು ಕಷ್ಟವೂ ಇತ್ತು. ಚಿಕಾಗೋದಲ್ಲಿ ಬೇಸಗೆಯ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯ ನಮ್ಮಲ್ಲಿ ಮರುದಿನ ಬೆಳಗಿನ ಐದೂವರೆಗೆ ಶುರುವಾಗುತ್ತದೆ. ಬೆಳಗಿನ ಜಾವ ಎದ್ದು, ಕಾಫಿ ಲೋಟ ಹಿಡಿದು, ವಾರಕ್ಕೆ ನಾಲ್ಕೈದು ಸೋಲುಗಳನ್ನು ನೋಡುವುದಕ್ಕೆ ವಿಶೇಷ ತಾಳ್ಮೆ ಬೇಕು.

ಇದು ನಿಜವಾಗಿಯೂ ಸಾರ್ವಕಾಲಿಕ ದಾಖಲೆಯೇ?

ಆಧುನಿಕ ಯುಗದ ಮಟ್ಟಿಗೆ, ಸೋಲುಗಳ ಸಂಖ್ಯೆಯ ಲೆಕ್ಕದಲ್ಲಿ, ಹೌದು. ಅದಕ್ಕೂ ಹಿಂದೆ, 1899ರಲ್ಲಿ, ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಎಂಬ ತಂಡ ಕೇವಲ 20 ಪಂದ್ಯ ಗೆದ್ದು 134 ಪಂದ್ಯ ಸೋತಿತ್ತು. ಆ ಕಥೆಯೇ ಬೇರೆ. ಸ್ಪೈಡರ್ಸ್‌ನ ಮಾಲೀಕರಾಗಿದ್ದ ರಾಬಿಸನ್ ಸಹೋದರರು ಸೇಂಟ್ ಲೂಯಿಸ್‌ನ ತಂಡವನ್ನೂ ಕೊಂಡು, ಖ್ಯಾತ ಪಿಚರ್ (ಚೆಂಡು ಎಸೆಯುವ ಆಟಗಾರ) ಸೈ ಯಂಗ್ ಸೇರಿದಂತೆ ತಮ್ಮ ಉತ್ತಮ ಆಟಗಾರರೆಲ್ಲರನ್ನೂ ಅಲ್ಲಿಗೆ ಸಾಗಿಸಿದ್ದರು. ಉಳಿದವರನ್ನು ಕಟ್ಟಿಕೊಂಡು ಆಡಿದ ಕ್ಲೀವ್‌ಲ್ಯಾಂಡ್ ತಂಡವನ್ನು ಆ ಋತು ಮುಗಿದ ಮೇಲೆ ಲೀಗ್‌ನಿಂದಲೇ ಕೈಬಿಡಲಾಯಿತು.

ಗೆಲುವಿನ ಪ್ರಮಾಣದ ಲೆಕ್ಕ ಹಿಡಿದರೆ ಆಧುನಿಕ ಯುಗದ ಅತಿ ಕಳಪೆ ಸಾಧನೆ 1916ರ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ್ದು. ಆಗ ಋತುವಿನಲ್ಲಿ ಪಂದ್ಯಗಳು ಕಡಿಮೆ ಇದ್ದವು. ಅವರು 36 ಗೆದ್ದು 117 ಸೋತಿದ್ದರು. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ, ವೈಟ್ ಸಾಕ್ಸ್ ಆಡುವ ಅಮೆರಿಕನ್ ಲೀಗ್‌ನಲ್ಲಿ 2024ರವರೆಗೆ ಇದ್ದ ದಾಖಲೆ ಡೆಟ್ರಾಯಿಟ್ ಟೈಗರ್ಸ್‌ನದು: 2003ರಲ್ಲಿ 119 ಸೋಲು. ವೈಟ್ ಸಾಕ್ಸ್‌ನ ಸ್ವಂತ ದಾಖಲೆ 1970ರ 106 ಸೋಲು.

ಹಾಗಾದರೆ 1962ರ ನ್ಯೂಯಾರ್ಕ್ ಮೆಟ್ಸ್ ಇದಕ್ಕಿಂತ ಕೆಟ್ಟ ತಂಡವೇ?

ಈ ಪ್ರಶ್ನೆ ಹೆಚ್ಚು ಚರ್ಚೆಗೆ ಒಳಗಾಗಿದೆ. ಮೆಟ್ಸ್ ಆ ವರ್ಷ 40 ಗೆದ್ದು 120 ಸೋತಿತ್ತು. ಒಂದು ಪಂದ್ಯ ಸಮಬಲವಾಗಿ ನಿಂತಿತ್ತು, ಇನ್ನೊಂದು ನಡೆಯಲೇ ಇಲ್ಲ. ಶೇಕಡಾವಾರು ನೋಡಿದರೆ ಮೆಟ್ಸ್‌ನ ಗೆಲುವು ಸರಿಯಾಗಿ 25 ಪ್ರತಿಶತ, ವೈಟ್ ಸಾಕ್ಸ್‌ನದು 25.3 ಪ್ರತಿಶತ. ಅಂದರೆ ಅಂಕಗಣಿತದ ಪ್ರಕಾರ ಮೆಟ್ಸ್ ಕೂದಲೆಳೆಯಷ್ಟು ಕೆಳಗಿದೆ.

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ಮೆಟ್ಸ್ 1962ರಲ್ಲಿ ಮೊದಲ ಬಾರಿಗೆ ಲೀಗ್‌ಗೆ ಬಂದ ಹೊಸ ತಂಡ. ಬೇರೆ ತಂಡಗಳು ಬೇಡವೆಂದು ಪಟ್ಟಿಯಲ್ಲಿ ಬಿಟ್ಟುಕೊಟ್ಟ ಆಟಗಾರರನ್ನು ಆರಿಸಿಕೊಂಡು ಕಟ್ಟಿದ್ದು. ಎಪ್ಪತ್ತು ದಾಟಿದ ಕೇಸಿ ಸ್ಟೆಂಗಲ್ ಅದರ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರ. ಆ ಋತುವಿನ ಕಟ್ಟಕಡೆಯ ಪಂದ್ಯದಲ್ಲಿ ಜೋ ಪಿನ್ಯಟಾನೋ ಹೊಡೆದ ಒಂದೇ ಚೆಂಡಿಗೆ ಮೂವರು ಔಟಾದರು, ಅದೇ ಅವರ ವೃತ್ತಿಜೀವನದ ಕೊನೆಯ ಹೊಡೆತವೂ ಆಯಿತು. ಇಂಥ ಪ್ರಸಂಗಗಳನ್ನು ನ್ಯೂಯಾರ್ಕಿನ ಜನ ಪ್ರೀತಿಯಿಂದಲೇ ನೆನೆಯುತ್ತಾರೆ. ಏಳು ವರ್ಷಗಳಲ್ಲಿ, 1969ರಲ್ಲಿ, ಆ ತಂಡ ವಿಶ್ವ ಸರಣಿಯನ್ನೇ ಗೆದ್ದಿತು. ವೈಟ್ ಸಾಕ್ಸ್‌ಗೆ ಇಂಥ ಯಾವ ವಿನಾಯಿತಿಯೂ ಇಲ್ಲ. ಅದು 1901ರಿಂದ ಇರುವ, ದೇಶದ ಮೂರನೆಯ ದೊಡ್ಡ ನಗರದ, 2005ರಲ್ಲಿ ವಿಶ್ವ ಸರಣಿ ಗೆದ್ದ, ಕೇವಲ ಮೂರು ವರ್ಷಗಳ ಹಿಂದೆ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿದ್ದ ತಂಡ.

2021ರಲ್ಲಿ 93 ಪಂದ್ಯ ಗೆದ್ದ ತಂಡ 2024ರ ಹೊತ್ತಿಗೆ ಇಷ್ಟು ಕುಸಿದದ್ದು ಹೇಗೆ?

ಉತ್ತರಕ್ಕಾಗಿ 2016ರ ಡಿಸೆಂಬರ್‌ಗೆ ಹೋಗಬೇಕು. ಆಗ ವೈಟ್ ಸಾಕ್ಸ್ ಆಡಳಿತ ತಂಡವನ್ನು ಬುಡದಿಂದ ಕಟ್ಟಲು ತೀರ್ಮಾನಿಸಿ, ತನ್ನ ಶ್ರೇಷ್ಠ ಪಿಚರ್ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟು ಯೋಹಾನ್ ಮೊಂಕಾಡಾ ಮತ್ತು ಮೈಕೆಲ್ ಕೋಪೆಕ್ ಮೊದಲಾದ ಯುವಕರನ್ನು ತಂದುಕೊಂಡಿತು. ಮರುವರ್ಷ ಹೋಸೆ ಕಿಂಟಾನಾ ಅವರನ್ನು ಅದೇ ಊರಿನ ಎದುರಾಳಿ ಕಬ್ಸ್‌ಗೆ ಕೊಟ್ಟು ಏಲೋಯ್ ಹಿಮೆನೆಜ್ ಮತ್ತು ಡಿಲನ್ ಸೀಸ್ ಅವರನ್ನು ಪಡೆಯಿತು. ಕ್ಯೂಬಾದ ಲೂಯಿಸ್ ರಾಬರ್ಟ್ ಅವರೊಂದಿಗೂ ಅದೇ ವರ್ಷ ಒಪ್ಪಂದ ಮಾಡಿಕೊಂಡಿತು. ಈ ಮೊದಲ ಹಂತವನ್ನು ಆಡಳಿತ ಚೆನ್ನಾಗಿಯೇ ನಿಭಾಯಿಸಿತು. 2018ರಲ್ಲಿ ನೂರು ಪಂದ್ಯ ಸೋತರೂ ಅಭಿಮಾನಿಗಳು ಸಹಿಸಿಕೊಂಡರು, ಏಕೆಂದರೆ ಈಗಿನ ನೋವಿಗೆ ಮುಂದೆ ಫಲವಿದೆ ಎಂಬ ಮಾತನ್ನು ಅವರಿಗೆ ಕೊಡಲಾಗಿತ್ತು. 2020ರಲ್ಲಿ ತಂಡ ಪ್ಲೇ ಆಫ್ ತಲುಪಿತು, ಹೋಸೆ ಅಬ್ರೆಯು ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು.

ಕೈಗೆ ಬಂದ ತುತ್ತು ಬಾಯಿಗೆ ಬರದಂತಾದದ್ದು ಆಮೇಲೆ. ಆ ವರ್ಷದ ಅಕ್ಟೋಬರ್‌ನಲ್ಲಿ ಮಾಲೀಕ ಜೆರಿ ರೈನ್ಸ್‌ಡಾರ್ಫ್ ತಮ್ಮ ಹಳೆಯ ಸ್ನೇಹಿತ, 76 ವರ್ಷದ ಟೋನಿ ಲಾ ರೂಸಾ ಅವರನ್ನು ಮ್ಯಾನೇಜರ್ ಆಗಿ ನೇಮಿಸಿದರು. ಲಾ ರೂಸಾ ಈ ಆಟದ ಮಹಾನ್ ಮ್ಯಾನೇಜರ್‌ಗಳಲ್ಲಿ ಒಬ್ಬರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ 2011ರ ನಂತರ ಅವರು ಯಾವ ತಂಡವನ್ನೂ ನಡೆಸಿರಲಿಲ್ಲ. 2021ರಲ್ಲಿ ಪ್ಲೇ ಆಫ್‌ನಲ್ಲಿ ಹ್ಯೂಸ್ಟನ್ ಎದುರು ಸೋಲು, 2022ರಲ್ಲಿ 81 ಗೆಲುವು 81 ಸೋಲು, ಆರೋಗ್ಯದ ಕಾರಣದಿಂದ ಲಾ ರೂಸಾ ನಿರ್ಗಮನ, 2023ರಲ್ಲಿ 101 ಸೋಲು. ಇಳಿಜಾರು ಸ್ಪಷ್ಟವಾಗಿಯೇ ಇತ್ತು.

ಯುವಕರು ಬೆಳೆದು ನಿಂತ ಆ ಎರಡು ಮೂರು ವರ್ಷಗಳಲ್ಲಿ ಸುತ್ತಲಿನ ಖಾಲಿ ಜಾಗಗಳನ್ನು ತುಂಬಲು ಹಣ ಸುರಿಯಬೇಕಿತ್ತು. ಆದರೆ ಈ ತಂಡದ ಇತಿಹಾಸದಲ್ಲಿ 2024ರವರೆಗೆ ಮಾಡಿಕೊಂಡ ಅತಿ ದೊಡ್ಡ ಒಪ್ಪಂದವೆಂದರೆ ಆಂಡ್ರೂ ಬೆನಿಂಟೆಂಡಿ ಅವರೊಂದಿಗಿನ, ಐದು ವರ್ಷಕ್ಕೆ 7.5 ಕೋಟಿ ಡಾಲರ್‌ನದು. ಬೇರೆ ತಂಡಗಳು ಒಬ್ಬೊಬ್ಬ ಆಟಗಾರನಿಗೆ ಮೂವತ್ತು ನಲವತ್ತು ಕೋಟಿ ಡಾಲರ್ ಕೊಡುತ್ತಿದ್ದ ಕಾಲವದು. ಜೊತೆಗೆ, ಮುಖ್ಯ ತಂಡದ ಕೆಳಗಿನ ಹಂತಗಳಲ್ಲಿ ಹೊಸ ಪೀಳಿಗೆಯನ್ನು ಸಿದ್ಧಪಡಿಸುವ ವ್ಯವಸ್ಥೆಯೂ ಸೊರಗಿತ್ತು. ಮೇಲಿನವರು ಗಾಯಗೊಂಡಾಗ ಕೆಳಗಿನಿಂದ ಎತ್ತಿಕೊಳ್ಳಲು ಯಾರೂ ಇರಲಿಲ್ಲ.

ಋತು ಆರಂಭವಾಗುವ ಮೊದಲೇ ತಂಡವನ್ನು ಬಿಚ್ಚಿಹಾಕಲಾಗಿತ್ತೇ?

ಬಹುಮಟ್ಟಿಗೆ ಹೌದು. 2023ರ ಜುಲೈನಲ್ಲೇ ಲೂಕಾಸ್ ಜಿಯೊಲಿಟೊ, ಲ್ಯಾನ್ಸ್ ಲಿನ್ ಮೊದಲಾದ ಪಿಚರ್‌ಗಳನ್ನು ಮಾರಿಯಾಗಿತ್ತು. ಹಾಗೆ ಹೊರಹೋದ ಕೀನನ್ ಮಿಡಲ್ಟನ್, ವೈಟ್ ಸಾಕ್ಸ್ ಡ್ರೆಸ್ಸಿಂಗ್ ಕೋಣೆಯಲ್ಲಿ ನಿಯಮಗಳೇ ಇರಲಿಲ್ಲ, ಪಂದ್ಯ ನಡೆಯುವಾಗಲೇ ಹೊಸಬರೊಬ್ಬರು ನಿದ್ದೆ ಮಾಡುತ್ತಿದ್ದರು ಎಂದು ಬಹಿರಂಗವಾಗಿ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಆಗಸ್ಟ್‌ನಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದ್ದ ಕೆನ್ ವಿಲಿಯಮ್ಸ್ ಮತ್ತು ರಿಕ್ ಹಾನ್ ಅವರನ್ನು ತೆಗೆದುಹಾಕಿ, ಕೆಲವೇ ದಿನಗಳಲ್ಲಿ ಒಳಗಿನವರೇ ಆದ ಕ್ರಿಸ್ ಗೆಟ್ಜ್ ಅವರಿಗೆ, ಆಟಗಾರರನ್ನು ತರುವ–ಬಿಡುವ ಹೊಣೆ ಹೊತ್ತ ಜನರಲ್ ಮ್ಯಾನೇಜರ್ ಹುದ್ದೆ ಕೊಡಲಾಯಿತು. ಹೊರಗೆ ಹುಡುಕಾಟವನ್ನೇ ನಡೆಸದೆ, ಸೊರಗಿದ್ದ ಆಟಗಾರರ ತರಬೇತಿ ವಿಭಾಗದ ಮುಖ್ಯಸ್ಥರನ್ನೇ ಮೇಲೆ ಕೂರಿಸಿದ್ದು ಅಭಿಮಾನಿಗಳಿಗೆ ಅರ್ಥವಾಗಲಿಲ್ಲ.

2024ರ ಮಾರ್ಚ್ 13ರಂದು, ಋತು ಆರಂಭಕ್ಕೆ ಎರಡು ವಾರವಿರುವಾಗ, ಡಿಲನ್ ಸೀಸ್ ಅವರನ್ನು ಸ್ಯಾನ್ ಡಿಯಾಗೊ ಪಡ್ರೆಸ್‌ಗೆ ಕೊಡಲಾಯಿತು. ಅದೇ ಜುಲೈ 25ರಂದು ಸೀಸ್ ಎದುರಾಳಿಗಳಿಗೆ ಒಂದೇ ಒಂದು ಹಿಟ್ (ಬ್ಯಾಟರ್ ಬೇಸ್ ತಲುಪುವಂಥ ಹೊಡೆತ) ಕೂಡ ಬಿಟ್ಟುಕೊಡದೆ ಪೂರ್ತಿ ಪಂದ್ಯ ಮುಗಿಸಿದಾಗ, ಅವರ ಹಳೆಯ ತಂಡ ಸತತ ಸೋಲಿನ ನಡುವೆ ಸಿಲುಕಿತ್ತು.

ಹೊಸಬರಾಗಿ ಬಂದವರಲ್ಲಿ ಹೆಚ್ಚಿನವರು ಕಡಿಮೆ ಸಂಬಳದ, ಫೀಲ್ಡಿಂಗ್‌ಗೆ ಹೆಸರಾದ, ಬ್ಯಾಟಿಂಗ್‌ನಲ್ಲಿ ಅಷ್ಟಕ್ಕಷ್ಟೇ ಆದ ಹಿರಿಯರು. ಅನುಭವಿ ಕ್ಯಾಚರ್ ಮಾರ್ಟಿನ್ ಮಾಲ್ಡೊನಾಡೊ ಅವರ ಬ್ಯಾಟಿಂಗ್ ಸರಾಸರಿ .119ರಲ್ಲಿ ನಿಂತಿತು. ಹತ್ತು ಸಲ ಬ್ಯಾಟ್ ಹಿಡಿದು ಸರಿಸುಮಾರು ಒಂದೇ ಬಾರಿ ಹಿಟ್ ಹೊಡೆದಂತೆ.

ತಂಡ ಬೇಕೆಂದೇ ಸೋತಿತೇ?

ಮೈದಾನದೊಳಗಿನವರು ಬೇಕೆಂದು ಸೋಲಲಿಲ್ಲ. ಇದೇ ತಂಡದ ಎಂಟು ಆಟಗಾರರು 1919ರ ವಿಶ್ವ ಸರಣಿಯನ್ನು ಹಣಕ್ಕಾಗಿ ಬಿಟ್ಟುಕೊಟ್ಟ ಆರೋಪದ ಮೇಲೆ ಆಟದಿಂದ ಶಾಶ್ವತವಾಗಿ ನಿಷೇಧಕ್ಕೊಳಗಾಗಿದ್ದರಿಂದ ಈ ಪ್ರಶ್ನೆ ಏಳುವುದು ಸಹಜ. ಆದರೆ 2024ಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ಪ್ರತಿಯೊಬ್ಬ ಆಟಗಾರನಿಗೂ ಮುಂದಿನ ವರ್ಷದ ಕೆಲಸ ಅವನ ಅಂದಿನ ಆಟವನ್ನೇ ಅವಲಂಬಿಸಿರುತ್ತದೆ.

ಆಡಳಿತದ ವಿಷಯ ಬೇರೆ. ಈ ವರ್ಷ ಗೆಲ್ಲುವುದಿಲ್ಲ, ಆದ್ದರಿಂದ ಇರುವ ಒಳ್ಳೆಯ ಆಟಗಾರರನ್ನು ಕೊಟ್ಟು ಭವಿಷ್ಯದವರನ್ನು ತರೋಣ ಎಂಬ ಲೆಕ್ಕಾಚಾರ ಅಲ್ಲಿ ಇದ್ದೇ ಇತ್ತು, ಅದು ಅಮೆರಿಕದ ಲೀಗ್‌ಗಳಲ್ಲಿ ಒಪ್ಪಿತವಾದ ಮಾರ್ಗವೂ ಹೌದು. ತೊಂಬತ್ತೈದು ಸೋಲಿಗೆ ಅವರು ಸಿದ್ಧರಾಗಿದ್ದಿರಬೇಕು. 121ಕ್ಕೆ ಯಾರೂ ಸಿದ್ಧರಿರಲಿಲ್ಲ. ಹಣದ ಕೊರತೆಯೊಂದೇ ಇದಕ್ಕೆ ಕಾರಣ ಎನ್ನುವಂತಿಲ್ಲ. ಆ ವರ್ಷ ಸಂಬಳಕ್ಕೆ ಎಲ್ಲರಿಗಿಂತ ಕಡಿಮೆ ಖರ್ಚು ಮಾಡಿದ ಓಕ್ಲೆಂಡ್ ತಂಡ 69 ಪಂದ್ಯಗಳನ್ನು ಗೆದ್ದಿತ್ತು.

ಗಾಯಗಳ ಪಾತ್ರ ಎಷ್ಟು?

ಸಾಕಷ್ಟು. ಮೊದಲ ಎರಡು ವಾರಗಳಲ್ಲೇ ಹಿಮೆನೆಜ್, ರಾಬರ್ಟ್ ಮತ್ತು ಮೊಂಕಾಡಾ ಮೂವರೂ ಸ್ನಾಯು ಸಮಸ್ಯೆಯಿಂದ ಹೊರಗೆ ಕುಳಿತರು. ಹಿಂದಿನ ವರ್ಷ 38 ಹೋಮ್ ರನ್ (ಚೆಂಡನ್ನು ಮೈದಾನದಾಚೆಗೆ ಅಟ್ಟುವ ಹೊಡೆತ) ಹೊಡೆದಿದ್ದ ರಾಬರ್ಟ್ ಜೂನ್‌ವರೆಗೆ ಮರಳಲಿಲ್ಲ. ಮೊಂಕಾಡಾ ಇಡೀ ಋತುವಿನಲ್ಲಿ ಆಡಿದ್ದು 12 ಪಂದ್ಯ. ಆದರೆ ಈ ಮೂವರೂ ಪದೇ ಪದೇ ಗಾಯಗೊಳ್ಳುವವರು ಎಂಬುದು ಹಲವು ವರ್ಷಗಳಿಂದ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಬದಲಿ ಆಟಗಾರರನ್ನು ಸಿದ್ಧವಿಡದಿದ್ದುದನ್ನು ದುರದೃಷ್ಟ ಎನ್ನಲಾಗದು.

ಋತುವಿನ ಆರಂಭ ಹೇಗಿತ್ತು?

ಮಾರ್ಚ್ 28ರ ಮೊದಲ ಪಂದ್ಯವನ್ನು ಡೆಟ್ರಾಯಿಟ್ ಎದುರು 1–0 ಅಂತರದಲ್ಲಿ ಸೋತಿತು. ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದಲ್ಲಿ ಗ್ಯಾರೆಟ್ ಕ್ರೋಶೆ ಆರು ಇನ್ನಿಂಗ್ಸ್ ಚೆನ್ನಾಗಿ ಪಿಚ್ ಮಾಡಿ ಒಂದೇ ರನ್ ಕೊಟ್ಟಿದ್ದರೂ ಬ್ಯಾಟರ್‌ಗಳಿಂದ ಆ ಒಂದು ರನ್ ಕೂಡ ಬರಲಿಲ್ಲ. ಮುಂದಿನ ಆರು ತಿಂಗಳ ಕಥೆ ಆ ಒಂದೇ ಮಧ್ಯಾಹ್ನದಲ್ಲಿ ಅಡಗಿತ್ತು. ಮೊದಲ 25 ಪಂದ್ಯಗಳಲ್ಲಿ ಗೆದ್ದಿದ್ದು ಮೂರು.

ಸತತ 21 ಸೋಲುಗಳ ಸರಣಿಯ ವಿವರವೇನು?

ಋತುವಿನಲ್ಲಿ ದೀರ್ಘ ಸೋಲಿನ ಸರಣಿ ಒಂದಲ್ಲ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸತತ 14 ಪಂದ್ಯಗಳನ್ನು ಸೋತು ತಂಡ ತನ್ನ ಇತಿಹಾಸದ ಅತಿ ಉದ್ದದ ಸೋಲಿನ ಸರಣಿಯನ್ನು ಕಂಡಿತು. ಅದು ಆಗಲೇ ಅವಮಾನವೆನಿಸಿತ್ತು. ಜುಲೈ 10ರಂದು ಮಿನ್ನೆಸೋಟಾ ಎದುರು ಒಂದೇ ದಿನ ಎರಡು ಪಂದ್ಯಗಳನ್ನು ಸೋಲುವುದರೊಂದಿಗೆ ಆರಂಭವಾದ ಇನ್ನೊಂದು ಸರಣಿ ಆಗಸ್ಟ್ 5ರವರೆಗೆ ಎಳೆಯಿತು. ನಡುವೆ ಲೀಗ್‌ನ ತಾರೆಯರ ಪ್ರದರ್ಶನ ಪಂದ್ಯಕ್ಕಾಗಿ ಕೊಡುವ ಆಲ್ ಸ್ಟಾರ್ ವಿರಾಮ ಬಂದು ಹೋಯಿತು, ಎದುರಾಳಿಗಳು ಬದಲಾದರು, ತವರು–ಹೊರಗು ಎಂಬ ಭೇದವೂ ಉಳಿಯಲಿಲ್ಲ. ಸುಮಾರು ನಾಲ್ಕು ವಾರಗಳ ಕಾಲ ಒಂದೂ ಗೆಲುವಿಲ್ಲ.

ಸತತ 21 ಸೋಲು ಅಮೆರಿಕನ್ ಲೀಗ್‌ನ ದಾಖಲೆಗೆ ಸಮ. 1988ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಋತುವಿನ ಮೊದಲ 21 ಪಂದ್ಯಗಳನ್ನೇ ಸೋತಿತ್ತು. ಆಧುನಿಕ ಯುಗದ ಒಟ್ಟಾರೆ ದಾಖಲೆ 1961ರ ಫಿಲಡೆಲ್ಫಿಯಾ ಫಿಲ್ಲೀಸ್‌ನ 23. ಆಗಸ್ಟ್ 6ರಂದು ಓಕ್ಲೆಂಡ್‌ನಲ್ಲಿ 5–1ರಿಂದ ಗೆದ್ದಾಗ ಆಟಗಾರರು ನಿಟ್ಟುಸಿರು ಬಿಟ್ಟರು. ಹಿಂದಿನ ರಾತ್ರಿ ಅದೇ ಮೈದಾನದಲ್ಲಿ ಅದೇ 5–1 ಅಂತರದಲ್ಲಿ ಸೋತಿದ್ದರು ಎಂಬುದು ಕಾಕತಾಳೀಯ.

ಬ್ಯಾಟಿಂಗ್, ಪಿಚಿಂಗ್, ಫೀಲ್ಡಿಂಗ್: ಯಾವುದು ಹೆಚ್ಚು ದುರ್ಬಲವಾಗಿತ್ತು?

ಬ್ಯಾಟಿಂಗ್. 162 ಪಂದ್ಯಗಳಲ್ಲಿ ತಂಡ ಗಳಿಸಿದ್ದು 507 ರನ್, ಅಂದರೆ ಪಂದ್ಯಕ್ಕೆ ಮೂರಕ್ಕಿಂತ ತುಸು ಹೆಚ್ಚು. ಬಿಟ್ಟುಕೊಟ್ಟದ್ದು 813, ಪಂದ್ಯಕ್ಕೆ ಐದು. ತಂಡದ ಪರ ಅತಿ ಹೆಚ್ಚು ಹೋಮ್ ರನ್ ಹೊಡೆದ ಆಂಡ್ರೂ ವಾನ್ ಅವರ ಲೆಕ್ಕವೂ 20 ಮುಟ್ಟಲಿಲ್ಲ. ಆರಂಭಿಕ ಪಿಚರ್‌ಗಳು ಮೊದಲಾರ್ಧದಲ್ಲಿ ತಕ್ಕಮಟ್ಟಿಗೆ ಆಡಿದರು. ಕೊರಿಯಾದ ಲೀಗ್‌ನಲ್ಲಿ 2023ರ ಅತ್ಯಮೂಲ್ಯ ಆಟಗಾರನಾಗಿ ಮರಳಿದ್ದ ಎರಿಕ್ ಫೆಡ್ಡಿ ಅವರಂತೂ ಏಳು ಪಂದ್ಯಗಳನ್ನು ಗೆದ್ದುಕೊಟ್ಟರು. ಆದರೆ ಮುನ್ನಡೆ ಸಿಕ್ಕ ಅಪರೂಪದ ಪಂದ್ಯಗಳನ್ನೂ ಕೊನೆಯ ಇನ್ನಿಂಗ್ಸ್‌ಗಳಲ್ಲಿ ಬರುವ ಬದಲಿ ಪಿಚರ್‌ಗಳು ಕೈಚೆಲ್ಲುತ್ತಿದ್ದರು.

ಜುಲೈ ಕೊನೆಯಲ್ಲಿ ಫೆಡ್ಡಿ, ಕೋಪೆಕ್ ಮತ್ತು ಟಾಮಿ ಫ್ಯಾಮ್ ಅವರನ್ನು ಮೂರು ತಂಡಗಳ ನಡುವಿನ ಒಂದು ವಿನಿಮಯದಲ್ಲಿ ಬಿಟ್ಟುಕೊಡಲಾಯಿತು. ಪ್ರತಿಯಾಗಿ ಬಂದವರಲ್ಲಿ ಮುಖ್ಯರಾದ ಮಿಗೆಲ್ ವರ್ಗಸ್ ಉಳಿದ ಋತುವಿನಲ್ಲಿ .104 ಸರಾಸರಿಯಲ್ಲಿ ಬ್ಯಾಟ್ ಮಾಡಿದರು. ಕೋಪೆಕ್ ಡಾಜರ್ಸ್ ಸೇರಿ ಅದೇ ವರ್ಷ ವಿಶ್ವ ಸರಣಿ ಗೆದ್ದ ತಂಡದಲ್ಲಿದ್ದರು.

ಅದೃಷ್ಟವೂ ಕೈಕೊಟ್ಟಿತೇ?

ಸ್ವಲ್ಪ ಮಟ್ಟಿಗೆ. ಗಳಿಸಿದ ಮತ್ತು ಕೊಟ್ಟ ರನ್‌ಗಳ ಅನುಪಾತದಿಂದ ಒಂದು ತಂಡ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಎಂದು ಅಂದಾಜಿಸುವ ಸೂತ್ರವೊಂದಿದೆ. ಅದರ ಪ್ರಕಾರ ಈ ತಂಡ ಸುಮಾರು 48 ಪಂದ್ಯ ಗೆಲ್ಲಬೇಕಿತ್ತು. ಅದೃಷ್ಟವಿದ್ದಿದ್ದರೆ ದಾಖಲೆ ತಪ್ಪುತ್ತಿತ್ತು, ಆದರೂ 114 ಸೋಲು ಉಳಿಯುತ್ತಿತ್ತು.

ದುರದೃಷ್ಟದ ಮಾತು ಬಂದಾಗ ಮೇ 23ರ ಪಂದ್ಯವನ್ನು ವಿವರಿಸದೆ ಇರಲಾಗದು. ತವರಿನಲ್ಲಿ ಬಾಲ್ಟಿಮೋರ್ ಎದುರು ಒಂಬತ್ತನೆಯ ಇನ್ನಿಂಗ್ಸ್. ವೈಟ್ ಸಾಕ್ಸ್ 8–6ರಿಂದ ಹಿಂದಿತ್ತು, ಆದರೆ ಚೇತರಿಸಿಕೊಳ್ಳುತ್ತಿತ್ತು. ಮೊದಲ ಮತ್ತು ಎರಡನೆಯ ಬೇಸ್‌ನಲ್ಲಿ ಓಟಗಾರರಿದ್ದರು, ಒಬ್ಬರಷ್ಟೇ ಔಟಾಗಿದ್ದರು. ಬೆನಿಂಟೆಂಡಿ ಹೊಡೆದ ಚೆಂಡು ಒಳಮೈದಾನದಲ್ಲೇ ಎತ್ತರಕ್ಕೆ ಚಿಮ್ಮಿತು. ಇಂಥ ಸಂದರ್ಭದಲ್ಲಿ ಕ್ಯಾಚ್ ಹಿಡಿಯಲಿ ಬಿಡಲಿ ಬ್ಯಾಟರ್ ಔಟ್ ಎಂಬ ನಿಯಮವಿದೆ. ಓಟಗಾರರನ್ನು ಮೋಸದಿಂದ ಔಟ್ ಮಾಡಬಾರದೆಂಬುದು ಅದರ ಉದ್ದೇಶ. ಅಂಪೈರ್ ಆ ಪ್ರಕಾರ ಬ್ಯಾಟರ್‌ನನ್ನು ಔಟ್ ಎಂದರು. ಇತ್ತ ಎರಡನೆಯ ಬೇಸ್‌ಗೆ ಹಿಂತಿರುಗುತ್ತಿದ್ದ ವಾನ್, ಚೆಂಡನ್ನು ನೋಡುತ್ತಾ ಬರುತ್ತಿದ್ದ ಬಾಲ್ಟಿಮೋರ್‌ನ ಫೀಲ್ಡರ್ ಗನ್ನರ್ ಹೆಂಡರ್ಸನ್ ಅವರ ದಾರಿಗೆ ಅಡ್ಡ ಬಂದರು ಎಂದು ಇನ್ನೊಬ್ಬ ಅಂಪೈರ್ ತೀರ್ಪಿತ್ತು ವಾನ್ ಅವರನ್ನೂ ಔಟ್ ಮಾಡಿದರು. ಹೆಂಡರ್ಸನ್ ಚೆಂಡನ್ನು ಆರಾಮವಾಗಿಯೇ ಹಿಡಿದಿದ್ದರು. ಎರಡು ಔಟ್, ಪಂದ್ಯ ಮುಕ್ತಾಯ. ಅಂಪೈರ್‌ಗೆ ಅಲ್ಲಿ ವಿವೇಚನೆ ಬಳಸುವ ಅವಕಾಶವಿತ್ತೆಂದು ಲೀಗ್ ಮರುದಿನ ತಂಡಕ್ಕೆ ತಿಳಿಸಿತು ಎಂದು ವರದಿಯಾಯಿತು. ಫಲಿತಾಂಶ ಬದಲಾಗಲಿಲ್ಲ.

ಮ್ಯಾನೇಜರ್ ಅವರನ್ನು ಯಾವಾಗ ತೆಗೆಯಲಾಯಿತು? ಅದರಿಂದ ಏನಾದರೂ ಬದಲಾಯಿತೇ?

ಪೆಡ್ರೊ ಗ್ರಿಫೋಲ್ ಅವರನ್ನು ಆಗಸ್ಟ್ 8ರಂದು, ಸೋಲಿನ ಸರಣಿ ಮುಗಿದ ಎರಡೇ ದಿನಕ್ಕೆ, ತೆಗೆದುಹಾಕಲಾಯಿತು. ಆಗ ತಂಡದ ಲೆಕ್ಕ 28 ಗೆಲುವು, 89 ಸೋಲು. ಹಂಗಾಮಿಯಾಗಿ ಬಂದವರು ಗ್ರೇಡಿ ಸೈಜ್‌ಮೋರ್. ಒಂದು ಕಾಲದಲ್ಲಿ ಕ್ಲೀವ್‌ಲ್ಯಾಂಡ್‌ನ ತಾರೆಯಾಗಿದ್ದ ಇವರು, ಗಾಯಗಳಿಂದ ಬೇಗನೆ ನಿವೃತ್ತರಾಗಿ, 2023ರಲ್ಲಿ ಅರಿಜೋನಾ ತಂಡದಲ್ಲಿ ಗಂಟೆಗೆ 15 ಡಾಲರ್ ಸಂಬಳದ ತರಬೇತಿ ಕೆಲಸಕ್ಕೆ ಸೇರಿ ಮತ್ತೆ ಬೇಸ್‌ಬಾಲ್‌ಗೆ ಮರಳಿದ್ದವರು. ಅವರ ಕೈಕೆಳಗೆ ತಂಡ 13 ಗೆದ್ದು 32 ಸೋತಿತು. ಪ್ರಮಾಣದಲ್ಲಿ ತುಸು ಸುಧಾರಣೆ. ಕಟ್ಟಡವೇ ಕುಸಿದ ಮೇಲೆ ಕಾವಲುಗಾರನನ್ನು ಬದಲಿಸಿದರೆ ಆಗಬಹುದಾದಷ್ಟು.

ಈ ತಂಡದಲ್ಲಿ ಒಳ್ಳೆಯ ಆಟಗಾರರೇ ಇರಲಿಲ್ಲವೇ?

ಇದ್ದರು, ಮುಖ್ಯವಾಗಿ ಕ್ರೋಶೆ. ಅದಕ್ಕೂ ಮೊದಲು ಅವರು ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಪಿಚರ್ ಆಗಿ ಆರಂಭಿಸಿರಲಿಲ್ಲ. ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ 2022ರ ಋತು ಪೂರ್ತಿ ಕೈತಪ್ಪಿತ್ತು. ಅಂಥವರು 146 ಇನ್ನಿಂಗ್ಸ್‌ಗಳಲ್ಲಿ 209 ಬ್ಯಾಟರ್‌ಗಳನ್ನು ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗಳಲ್ಲಿ ಔಟ್) ಮಾಡಿ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾದರು. ಅವರ ಹೆಸರಿನ ಮುಂದೆ ದಾಖಲಾದದ್ದು 6 ಗೆಲುವು, 12 ಸೋಲು. ಪಿಚರ್‌ಗಳ ಗೆಲುವು–ಸೋಲಿನ ಲೆಕ್ಕ ಎಷ್ಟು ಅರ್ಥಹೀನವಾಗಬಹುದು ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಡಿಸೆಂಬರ್‌ನಲ್ಲಿ ಅವರನ್ನು ಬಾಸ್ಟನ್‌ಗೆ ಕೊಟ್ಟು ನಾಲ್ವರು ಯುವಕರನ್ನು ತರಲಾಯಿತು. ಎಂಟು ವರ್ಷಗಳ ಹಿಂದೆ ಕ್ರಿಸ್ ಸೇಲ್ ಅವರನ್ನು ಅದೇ ಬಾಸ್ಟನ್‌ಗೆ ಕೊಟ್ಟು ಮಾಡಿದ್ದ ವ್ಯಾಪಾರದ ಮರು ಮುದ್ರಣ ಇದು ಎಂದು ಹಲವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

121ನೆಯ ಸೋಲು ಎಲ್ಲಿ, ಹೇಗೆ ಬಂತು?

ಸೆಪ್ಟೆಂಬರ್ 22ರಂದು ಸ್ಯಾನ್ ಡಿಯಾಗೊದಲ್ಲಿ 4–2ರಿಂದ ಸೋತು ಮೆಟ್ಸ್‌ನ 120ನ್ನು ಸರಿಗಟ್ಟಿದ ತಂಡ ಚಿಕಾಗೋಗೆ ಮರಳಿತು. ಎದುರಾಳಿ ಲಾಸ್ ಏಂಜಲೀಸ್ ಏಂಜಲ್ಸ್. ಇತಿಹಾಸವನ್ನು ಕಣ್ಣಾರೆ ಕಾಣಲೆಂದೇ ಜನ ಬಂದಿದ್ದರು. ಸೆಪ್ಟೆಂಬರ್ 24ರ ರಾತ್ರಿ ಏಳು ಇನ್ನಿಂಗ್ಸ್ ಮುಗಿದಾಗ ತಂಡ 2–0ರಿಂದ ಹಿಂದಿತ್ತು. ತಂಡವನ್ನು ಮಾರಿಬಿಡಿ ಎಂಬ ಘೋಷಣೆ ಮಾಲೀಕರನ್ನು ಉದ್ದೇಶಿಸಿ ಮೊಳಗುತ್ತಿತ್ತು. ಎಂಟನೆಯ ಇನ್ನಿಂಗ್ಸ್‌ನಲ್ಲಿ ಮೂರು ರನ್ ಬಂದು ವೈಟ್ ಸಾಕ್ಸ್ ಗೆದ್ದುಬಿಟ್ಟಿತು. ಮರುದಿನ ಹತ್ತನೆಯ ಇನ್ನಿಂಗ್ಸ್‌ನಲ್ಲಿ ಬೆನಿಂಟೆಂಡಿ ಹೊಡೆತದಿಂದ 4–3ರ ಗೆಲುವು, ಅದರ ಮರುದಿನ 7–0. ಸೋಲನ್ನು ನೋಡಲು ಟಿಕೆಟ್ ಕೊಂಡವರಿಗೆ ಇಡೀ ಋತುವಿನ ಅತ್ಯುತ್ತಮ ಆಟ ನೋಡಲು ಸಿಕ್ಕಿತು.

ಕೊನೆಗೆ ಸೆಪ್ಟೆಂಬರ್ 27ರಂದು ಡೆಟ್ರಾಯಿಟ್‌ನಲ್ಲಿ 4–1ರ ಸೋಲಿನೊಂದಿಗೆ ದಾಖಲೆ ಬರೆಯಲಾಯಿತು. ಅದೇ ಗೆಲುವಿನಿಂದ ಡೆಟ್ರಾಯಿಟ್ 2014ರ ನಂತರ ಮೊದಲ ಬಾರಿಗೆ ಪ್ಲೇ ಆಫ್ ಪ್ರವೇಶಿಸಿತು. ಒಂದು ಕಡೆ ಸಂಭ್ರಮದಲ್ಲಿ ತೊಯ್ದ ಆಟಗಾರರು, ಇನ್ನೊಂದು ಕಡೆ ತಲೆತಗ್ಗಿಸಿ ಡಗೌಟ್‌ನಿಂದ ಒಳನಡೆದವರು. ಉಳಿದ ಎರಡು ಪಂದ್ಯಗಳನ್ನು ವೈಟ್ ಸಾಕ್ಸ್ ಗೆದ್ದಿತು. ಹೀಗಾಗಿ ಆಧುನಿಕ ಬೇಸ್‌ಬಾಲ್ ಕಂಡ ಅತಿ ದೊಡ್ಡ ಸೋಲಿನ ತಂಡ ತನ್ನ ಕೊನೆಯ ಆರು ಪಂದ್ಯಗಳಲ್ಲಿ ಐದನ್ನು ಗೆದ್ದು ಋತು ಮುಗಿಸಿತು.

ಅಭಿಮಾನಿಗಳ ಪ್ರತಿಕ್ರಿಯೆ ಹೇಗಿತ್ತು?

ಸಿಟ್ಟು, ಹಾಸ್ಯ, ದೂರ ಸರಿಯುವಿಕೆ, ಮೂರೂ ಇದ್ದವು. ಮುಖಕ್ಕೆ ಕಾಗದದ ಚೀಲ ಹಾಕಿಕೊಂಡು ಕುಳಿತವರಿದ್ದರು. ಆ ವರ್ಷ ಕ್ರೀಡಾಂಗಣದಲ್ಲಿ ಹೊಸದಾಗಿ ಬಂದ ಚಾಕೊಲೇಟ್ ಮತ್ತು ಮಾರ್ಷ್‌ಮ್ಯಾಲೋ ಸೇರಿಸಿದ ಮಿಲ್ಕ್‌ಶೇಕ್ ಒಂದು ಎಷ್ಟು ಜನಪ್ರಿಯವಾಯಿತೆಂದರೆ, ತಂಡದ ಏಕೈಕ ಯಶಸ್ಸು ಅದೇ ಎಂಬ ಜೋಕು ಊರೆಲ್ಲ ಓಡಾಡಿತು. ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು: ಇದೇ ವರ್ಷ ಮಾಲೀಕರು ನಗರದ ದಕ್ಷಿಣ ಭಾಗದಲ್ಲಿ ಹೊಸ ಕ್ರೀಡಾಂಗಣ ಕಟ್ಟಲು ಸರ್ಕಾರದ ಹಣ ಕೇಳುತ್ತಿದ್ದರು. ಸೋಲುವ ತಂಡಕ್ಕೆ ತೆರಿಗೆ ಹಣ ಏಕೆ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಯಾರ ಬಳಿಯೂ ಇರಲಿಲ್ಲ.

ಇಷ್ಟು ಸೋತ ತಂಡವನ್ನು ಕೆಳಗಿನ ಲೀಗ್‌ಗೆ ತಳ್ಳುವುದಿಲ್ಲವೇ?

ಇಲ್ಲ. ಯುರೋಪಿನ ಫುಟ್‌ಬಾಲ್‌ನಂತೆ ಕೆಳಗಿಳಿಸುವ ಪದ್ಧತಿ ಅಮೆರಿಕದ ಲೀಗ್‌ಗಳಲ್ಲಿ ಇಲ್ಲ. ಸೋತವರಿಗೂ ಲೀಗ್‌ನ ಆದಾಯದಲ್ಲಿ ಪಾಲು ಬರುತ್ತದೆ, ಮೇಲಾಗಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಅವಕಾಶದ ಸಾಧ್ಯತೆಯೂ ಅವರಿಗೇ ಹೆಚ್ಚು. ಆದರೆ ಬೇಕೆಂದೇ ಸೋಲುವುದನ್ನು ತಡೆಯಲು ಲೀಗ್ ಈಚೆಗೆ ಲಾಟರಿ ಪದ್ಧತಿ ತಂದಿದೆ, ದೊಡ್ಡ ನಗರದ ತಂಡಗಳು ಸತತ ಎರಡು ವರ್ಷ ಲಾಟರಿಯ ಲಾಭ ಪಡೆಯುವಂತಿಲ್ಲ ಎಂಬ ನಿರ್ಬಂಧವನ್ನೂ ಹಾಕಿದೆ. ಆ ನಿಯಮದಿಂದಾಗಿ 121 ಪಂದ್ಯ ಸೋತ ವೈಟ್ ಸಾಕ್ಸ್‌ಗೆ 2025ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು ಹತ್ತನೆಯ ಸರದಿ. ಸೋಲಿಗೆ ಸಿಗಬೇಕಾದ ಸಮಾಧಾನಕರ ಬಹುಮಾನವೂ ಕೈತಪ್ಪಿತು.

ಮಾಲೀಕರು ತಂಡವನ್ನು ಮಾರಿದರೇ?

ತಕ್ಷಣಕ್ಕೆ ಇಲ್ಲ. 1981ರಿಂದ ಒಡೆತನ ಹೊಂದಿರುವ ರೈನ್ಸ್‌ಡಾರ್ಫ್, ಋತುವಿನ ಕೊನೆಯಲ್ಲಿ ಅಭಿಮಾನಿಗಳಿಗೆ ಬರೆದ ಪತ್ರದಲ್ಲಿ ಇದು ವೈಫಲ್ಯವೆಂದು ಒಪ್ಪಿಕೊಂಡರು. 2025ರ ಜೂನ್‌ನಲ್ಲಿ ಉದ್ಯಮಿ ಜಸ್ಟಿನ್ ಇಶ್ಬಿಯಾ ಅವರೊಂದಿಗೆ ಒಂದು ಒಪ್ಪಂದ ಪ್ರಕಟವಾಯಿತು. ಅದರಂತೆ 2029ರಿಂದ 2033ರ ನಡುವೆ ನಿಯಂತ್ರಣವನ್ನು ಮಾರುವ ಆಯ್ಕೆ ರೈನ್ಸ್‌ಡಾರ್ಫ್ ಅವರದು. ಆ ಬಳಿಕ ಕೊಳ್ಳುವ ಆಯ್ಕೆ ಇಶ್ಬಿಯಾ ಅವರದು.

2025ರಲ್ಲಿ ತಂಡ ಚೇತರಿಸಿಕೊಂಡಿತೇ?

ಹೊಸ ಮ್ಯಾನೇಜರ್ ವಿಲ್ ವೆನಬಲ್ ಅವರ ನೇತೃತ್ವದಲ್ಲಿ 60 ಗೆದ್ದು 102 ಸೋತಿತು. ಸತತ ಮೂರನೆಯ ವರ್ಷ ನೂರು ಸೋಲು ದಾಟಿತಾದರೂ, ಹಿಂದಿನ ವರ್ಷಕ್ಕಿಂತ 19 ಗೆಲುವು ಹೆಚ್ಚು. ಬಾಸ್ಟನ್‌ನಿಂದ ಬಂದ ಕೈಲ್ ಟೀಲ್ ಸೇರಿದಂತೆ ಕೆಲವು ಯುವಕರು ಭರವಸೆ ಮೂಡಿಸಿದರು. ಅದೇ ಮೇ ತಿಂಗಳಲ್ಲಿ ಪೋಪ್ ಆಗಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ವೈಟ್ ಸಾಕ್ಸ್ ಅಭಿಮಾನಿ ಎಂಬುದು ತಿಳಿದುಬಂದಾಗ, 2005ರ ವಿಶ್ವ ಸರಣಿಯ ಪಂದ್ಯವೊಂದರಲ್ಲಿ ಪ್ರೇಕ್ಷಕರ ನಡುವೆ ಕುಳಿತಿದ್ದ ಅವರ ದೃಶ್ಯವೂ ಹೊರಬಂತು. ಡಿಸೆಂಬರ್‌ನ ಲಾಟರಿಯಲ್ಲಿ 2026ರ ಡ್ರಾಫ್ಟ್‌ನ ಮೊದಲ ಸರದಿ ಕೊನೆಗೂ ಒಲಿಯಿತು.

121ರ ದಾಖಲೆಯನ್ನು ಬೇರೆ ಯಾರಾದರೂ ಮುರಿಯಬಹುದೇ?

ಮರುವರ್ಷವೇ ಮುರಿಯುವಂತೆ ಕಂಡಿತ್ತು. ಕೊಲರಾಡೊ ರಾಕೀಸ್ 2025ರಲ್ಲಿ ವೈಟ್ ಸಾಕ್ಸ್‌ಗಿಂತಲೂ ಕೆಟ್ಟದಾಗಿ ಆರಂಭಿಸಿ, ರನ್‌ಗಳ ಅಂತರದಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಋತುವಿನ ನಡುಭಾಗದಲ್ಲಿ ಒಂದಿಷ್ಟು ಗೆಲುವುಗಳು ಬಂದ ಕಾರಣ 43 ಗೆಲುವು, 119 ಸೋಲಿಗೆ ನಿಂತಿತು. ಎರಡು ಪಂದ್ಯಗಳ ಅಂತರದಲ್ಲಿ ದಾಖಲೆ ಚಿಕಾಗೋದಲ್ಲೇ ಉಳಿಯಿತು.